ಕೆಲಸಕ್ಕೆ ಒಲ್ಲೆ ಅನ್ನಬಹುದು, ಗಿರಾಕಿಗೆ ಅಲ್ಲ

ಬಳ್ಳಾರಿ ಬಸ್ ಸ್ಟ್ಯಾಂಡಿನ ಸುತ್ತಲಿನ ಲಾಡ್ಜುಗಳಲ್ಲಿ, ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ, ಆನೆಗೊಂದಿ, ಸಣಾಪುರದ ಹೋಮ್‌ಸ್ಟೇಗಳಲ್ಲಿ ಇಬ್ಬರು ಗಂಡಸರು ಬಂದು ಒಂದೇ ರೂಮು ಕೇಳುವುದು ದಿನದ ಮಾತು. ಹತ್ತಿ ಮಾರಲು ಬಂದ ರೈತರು, ಜೀನ್ಸ್ ಖರೀದಿಗೆ ಬಂದ ವ್ಯಾಪಾರಿಗಳು, ಪರೀಕ್ಷೆ ಬರೆಯಲು ಬಂದ ಹುಡುಗರು ಎಲ್ಲರೂ ಹಾಗೆಯೇ ತಂಗುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ತಕರಾರು ಹುಟ್ಟುವುದು ಕೌಂಟರಿನಲ್ಲಿ ಕೂತವನಿಗೆ ‘ಇವರು ಜೋಡಿ ಇರಬೇಕು’ ಅಂತ ಅನ್ನಿಸಿದಾಗ. ಕೀಲಿ ಅದೇ, ಬಾಡಿಗೆ ಅದೇ, ಆಧಾರ್ ಕಾರ್ಡೂ ಅದೇ. ಬದಲಾದದ್ದು ಕೂತವನ ಊಹೆ ಮಾತ್ರ.

ಇದು ದೇವರನ್ನು ನಂಬಿ, ದಿನಾ ಬೆಳಿಗ್ಗೆ ಗಲ್ಲಾಪೆಟ್ಟಿಗೆಗೆ ಊದಿನಕಡ್ಡಿ ಹಚ್ಚಿ ವ್ಯಾಪಾರ ಶುರುಮಾಡುವ ಅಂಗಡಿಯವರಿಗಾಗಿ ಬರೆದದ್ದು. ನಂಬಿಕೆ ಬಿಡಿ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಸಲಿಂಗಿ ಗಿರಾಕಿ ಬಂದಾಗ ನಿಮ್ಮ ನಂಬಿಕೆಗೂ ಅವರ ಮರ್ಯಾದೆಗೂ ಒಟ್ಟಿಗೆ ಜಾಗ ಇರುವಂತೆ ಅಂಗಡಿ ನಡೆಸಲು ಸಾಧ್ಯ. ಅದರ ಸೂತ್ರ ಒಂದೇ: ಯಾವ ಕೆಲಸ ಮಾಡುತ್ತೀರಿ ಅನ್ನುವುದನ್ನು ನಿಮ್ಮ ನಂಬಿಕೆ ತೀರ್ಮಾನಿಸಲಿ, ಯಾರಿಗೆ ಮಾಡುತ್ತೀರಿ ಅನ್ನುವುದನ್ನು ಅದರ ಕೈಗೆ ಕೊಡಬೇಡಿ.

ಕಾನೂನು ಏನು ಹೇಳುತ್ತದೆ

ಮೂಲಭೂತ ಹಕ್ಕುಗಳಲ್ಲಿ ಹೆಚ್ಚಿನವು ಸರ್ಕಾರವನ್ನು ಉದ್ದೇಶಿಸಿ ಮಾತಾಡುತ್ತವೆ. ಸಂವಿಧಾನದ 15(2)ನೇ ವಿಧಿ ಹಾಗಲ್ಲ, ಅದು ನೇರವಾಗಿ ಅಂಗಡಿಯ ಹೊಸ್ತಿಲಿಗೇ ಬರುತ್ತದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಯಾವ ನಾಗರಿಕನನ್ನೂ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲು, ಮನರಂಜನಾ ಸ್ಥಳಗಳಿಂದ ಹೊರಗಿಡುವಂತಿಲ್ಲ. ದಲಿತರಿಗೆ ಹೋಟೆಲಿನ ಹೊರಗೆ ಬೇರೆ ಲೋಟ ಇಡುತ್ತಿದ್ದ ನಾಡಿಗಾಗಿ ಬರೆದ ಮಾತು ಅದು, ಅದಕ್ಕೇ ಅಷ್ಟು ನೇರ. ‘ಅಂಗಡಿ’ ಅಂದರೆ ಸರಕು ಮಾರುವ ಜಾಗ ಮಾತ್ರವಲ್ಲ, ಸೇವೆ ಕೊಡುವವರೂ ಅದರೊಳಗೆ ಬರುತ್ತಾರೆ ಅಂತ ಸುಪ್ರೀಂ ಕೋರ್ಟು 2011ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪ್ರಕರಣದಲ್ಲಿ ಹೇಳಿತು.

2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧವನ್ನು ಆಗಿನ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಹಿಡಿತದಿಂದ ಬಿಡಿಸಿತು. ಲೈಂಗಿಕ ಒಲವಿನ ಕಾರಣಕ್ಕೆ ಮಾಡುವ ತಾರತಮ್ಯವೂ 15ನೇ ವಿಧಿ ಹೇಳುವ ‘ಲಿಂಗ’ದ ಆಧಾರದ ತಾರತಮ್ಯವೇ ಅನ್ನುವ ಮಾತು ಆ ತೀರ್ಪಿನ ಅಭಿಪ್ರಾಯಗಳಲ್ಲಿದೆ.

‘ನನಗೆ ಧಾರ್ಮಿಕ ಸ್ವಾತಂತ್ರ್ಯ ಇಲ್ಲವೇ?’ ಅನ್ನುವ ಪ್ರಶ್ನೆ ಇಲ್ಲಿ ಸಹಜ. ಇದೆ, 25ನೇ ವಿಧಿ. ಆದರೆ ಅದರ ಮೊದಲ ಸಾಲನ್ನು ನಿಧಾನವಾಗಿ ಓದಬೇಕು: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಈ ಭಾಗದ ಇತರ ಉಪಬಂಧಗಳಿಗೆ ಒಳಪಟ್ಟು ಅಂತಲೇ ಅದು ಆರಂಭವಾಗುತ್ತದೆ. 15(2) ಅದೇ ಭಾಗದಲ್ಲಿದೆ. ಎರಡಕ್ಕೂ ಜಗಳ ಬಂದರೆ ಯಾವುದು ಬಾಗಬೇಕು ಅನ್ನುವುದನ್ನು ಸಂವಿಧಾನ ಬರೆದವರು ಮೊದಲೇ ಬರೆದಿಟ್ಟಿದ್ದಾರೆ.

ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆಯ 3ನೇ ಕಲಮು ಸಾರ್ವಜನಿಕರಿಗೆ ಸಿಗುವ ಸರಕು, ಸೇವೆ, ವಸತಿಯನ್ನು ಅವರಿಗೆ ನಿರಾಕರಿಸಬಾರದು ಅನ್ನುತ್ತದೆ. ಸಾರ್ವಜನಿಕ ಸ್ಥಳಕ್ಕೆ ಹೋಗದಂತೆ ತಡೆದರೆ 18ನೇ ಕಲಮಿನಡಿ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಸಲಿಂಗಿ ಗಿರಾಕಿಯನ್ನು ಹೆಸರಿಸಿ, ಖಾಸಗಿ ಅಂಗಡಿಗೆ ಇಂತಿಷ್ಟು ಶಿಕ್ಷೆ ಅನ್ನುವ ಪ್ರತ್ಯೇಕ ಕೇಂದ್ರ ಕಾಯ್ದೆ ಮಾತ್ರ ಇಲ್ಲ. ಅವರ ದಾರಿ 15(2) ಮತ್ತು ಗ್ರಾಹಕ ಕಾನೂನು. ಇದನ್ನು ‘ಹಾಗಾದರೆ ನಾವು ಕಳಿಸಬಹುದು’ ಅಂತ ಓದಿಕೊಂಡವರು ಮುಂದೆ ಹೇಳುವ ರೀತಿಯಲ್ಲಿ ಸಿಕ್ಕಿಬೀಳುತ್ತಾರೆ.

ಕೆಲಸವನ್ನು ಮೂರು ಗುಡ್ಡೆ ಮಾಡಿ

ಒಂದು ಸಂಜೆ ಅಂಗಡಿ ಮುಚ್ಚಿದ ಮೇಲೆ ಹಾಳೆ ಹಿಡಿದು ಕೂತು, ನೀವು ಮಾರುವುದನ್ನೆಲ್ಲ ಮೂರು ಗುಡ್ಡೆಗಳಾಗಿ ಬರೆಯಿರಿ.

ಮೊದಲನೆಯದು ಸಿದ್ಧ ಸರಕು: ಕಪಾಟಿನ ಕೇಕು, ಸೀರೆ, ಔಷಧಿ, ಊಟ, ಖಾಲಿ ರೂಮು. ಹಣ ಕೊಟ್ಟವರಿಗೆ ಕೊಡುವುದು, ಅಷ್ಟೇ. ಎರಡನೆಯದು ಅಳತೆಗೆ ತಕ್ಕ ಕೆಲಸ: ಬ್ಲೌಸು ಹೊಲಿಯುವುದು, ಎರಡು ಕೆಜಿ ಚಾಕೊಲೇಟ್ ಕೇಕು, ಮೆಹಂದಿ, ಪಾಸ್‌ಪೋರ್ಟ್ ಫೋಟೊ, ಇನ್ನೂರು ಜನರ ಅಡುಗೆ. ಇಲ್ಲಿ ನಿಮ್ಮ ಕೈಚಳಕ ಇದೆ, ಆದರೆ ನೀವು ಏನನ್ನೂ ‘ಹೇಳುತ್ತಿಲ್ಲ’. ಬಿರಿಯಾನಿ ಹಂಡೆ ಯಾರ ಸಂಬಂಧವನ್ನೂ ಒಪ್ಪುವುದಿಲ್ಲ, ಅಲ್ಲಗಳೆಯುವುದೂ ಇಲ್ಲ. ಈ ಎರಡು ಗುಡ್ಡೆಗಳಲ್ಲಿ ಗಿರಾಕಿ ಯಾರು ಅನ್ನುವ ಕಾರಣಕ್ಕೆ ಇಲ್ಲ ಅನ್ನುವಂತಿಲ್ಲ.

ಮೂರನೆಯ ಗುಡ್ಡೆ ಚಿಕ್ಕದು, ಆದರೆ ನಿಮ್ಮ ಸ್ವಾತಂತ್ರ್ಯ ಗಟ್ಟಿಯಾಗಿರುವುದು ಅಲ್ಲಿಯೇ. ಬ್ಯಾನರಿನ ಘೋಷಣೆ, ಕೇಕಿನ ಮೇಲಿನ ಬರಹ, ನೀವೇ ಕಟ್ಟಿ ಹಾಡುವ ಹಾಡು, ನಿಮ್ಮ ಬಾಯಿಂದ ಬರಬೇಕಾದ ಮಂತ್ರ ಅಥವಾ ದುವಾ. ಒಪ್ಪದ ಮಾತನ್ನು ಬಾಯಿಂದ ಆಡಿಸುವುದು ಸರಿಯಲ್ಲ ಅನ್ನುವುದಕ್ಕೆ ನಮ್ಮಲ್ಲೇ ದೊಡ್ಡ ಆಧಾರ ಇದೆ: 1986ರ ಬಿಜೋ ಇಮ್ಯಾನುಯೆಲ್ ಪ್ರಕರಣ. ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತು, ಆದರೆ ತಮ್ಮ ಧರ್ಮದ ಕಾರಣಕ್ಕೆ ಹಾಡದೆ ಇದ್ದ ಕೇರಳದ ಮಕ್ಕಳನ್ನು ಶಾಲೆಯಿಂದ ತೆಗೆದುಹಾಕಿದ್ದು ತಪ್ಪು ಅಂತ ಸುಪ್ರೀಂ ಕೋರ್ಟು ಹೇಳಿತು. ಗಮನಿಸಿ, ಆ ಮಕ್ಕಳು ಪಕ್ಕದಲ್ಲಿ ಹಾಡುತ್ತಿದ್ದವರ ಜೊತೆ ಕೂರುವುದಿಲ್ಲ ಅನ್ನಲಿಲ್ಲ.

ಇದೇ ಗೆರೆಯನ್ನು ಹೊರದೇಶದ ಕೋರ್ಟುಗಳೂ ಎಳೆದಿವೆ. ಅವು ಇಲ್ಲಿಗೆ ಅನ್ವಯಿಸುವುದಿಲ್ಲ, ಗೆರೆ ತಿಳಿಯಲು ಮಾತ್ರ ನೋಡಿ. ಬೆಲ್‌ಫಾಸ್ಟಿನ ಆ್ಯಶರ್ಸ್ ಬೇಕರಿ ಸಲಿಂಗ ವಿವಾಹ ಬೆಂಬಲಿಸುವ ಬರಹವಿದ್ದ 36.50 ಪೌಂಡಿನ ಕೇಕನ್ನು ಮಾಡುವುದಿಲ್ಲ ಅಂದಿತು. 2018ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಒಮ್ಮತದಿಂದ ಬೇಕರಿಯ ಪರ ತೀರ್ಪು ಕೊಟ್ಟಿತು, ಯಾಕೆಂದರೆ ಆ ಬರಹವನ್ನು ಯಾರು ಕೇಳಿದ್ದರೂ ಅವರು ಬರೆಯುತ್ತಿರಲಿಲ್ಲ. ಐದು ವರ್ಷ ಹಿಂದೆ, 2013ರಲ್ಲಿ, ಅದೇ ಕೋರ್ಟು ಕಾರ್ನ್‌ವಾಲಿನ ಹೋಟೆಲ್ ಮಾಲೀಕರ ವಿರುದ್ಧ ತೀರ್ಪು ಕೊಟ್ಟಿತ್ತು. ಅವರು ಧರ್ಮನಿಷ್ಠ ಕ್ರೈಸ್ತ ದಂಪತಿ, ವಾಸವೂ ಅದೇ ಕಟ್ಟಡದಲ್ಲಿ. ಆದರೂ ಇಬ್ಬರು ಗಂಡಸರಿಗೆ ಡಬಲ್ ಬೆಡ್ ರೂಮು ಕೊಡದಿದ್ದದ್ದು ತಾರತಮ್ಯ ಎನಿಸಿತು. ಅಮೆರಿಕದ ಮಾಸ್ಟರ್‌ಪೀಸ್ ಕೇಕ್‌ಶಾಪ್ ತೀರ್ಪನ್ನು (2018) ಇಲ್ಲಿ ಅನೇಕರು ತಪ್ಪಾಗಿ ಉದಾಹರಿಸುತ್ತಾರೆ. ಸಲಿಂಗ ಮದುವೆಗೆ ಕೇಕು ಮಾಡಿಕೊಡದ ಬೇಕರಿಯವನು ಗೆದ್ದದ್ದು, ದೂರು ವಿಚಾರಿಸಿದ ರಾಜ್ಯದ ನಾಗರಿಕ ಹಕ್ಕುಗಳ ಆಯೋಗ ಅವನ ಧರ್ಮವನ್ನು ಹೀಗಳೆಯಿತು ಅನ್ನುವ ಕಾರಣಕ್ಕೆ, ಸಲಿಂಗಿಗಳಿಗೆ ಮಾರದಿರಬಹುದು ಅನ್ನುವ ಕಾರಣಕ್ಕಲ್ಲ. ಸಲಿಂಗ ಮದುವೆಗೆ ವೆಬ್‌ಸೈಟ್ ಮಾಡಲು ಒಪ್ಪದ ವಿನ್ಯಾಸಕಿಯ ಪರ ಅಲ್ಲಿಯೇ ಬಂದ 2023ರ 303 ಕ್ರಿಯೇಟಿವ್ ತೀರ್ಪು ಕೂಡ ವೆಬ್‌ಸೈಟ್ ರಚನೆಯನ್ನು ‘ಮಾತು’ ಅಂತ ಪರಿಗಣಿಸಿದ್ದರ ಮೇಲೆಯೇ ನಿಂತಿದೆ.

ಯಾವ ಗುಡ್ಡೆ ಅಂತ ಗೊಂದಲವಾದರೆ ಗಿರಾಕಿಯನ್ನು ಅದಲುಬದಲು ಮಾಡಿ ನೋಡಿ. ಇದೇ ಆರ್ಡರನ್ನು ನಿಮ್ಮ ಅಕ್ಕನ ಮಗ ತಂದರೆ ಮಾಡಿಕೊಡುತ್ತೀರಾ? ಮಾಡಿಕೊಡುವುದಾದರೆ ನಿಮ್ಮ ತಕರಾರು ಕೆಲಸದ ಮೇಲಲ್ಲ, ಮನುಷ್ಯನ ಮೇಲೆ.

ಲಾಡ್ಜು ಮತ್ತು ಹೋಮ್‌ಸ್ಟೇ: ತಪ್ಪು ಹೆಚ್ಚು ಆಗುವುದು ಇಲ್ಲೇ

ಕೌಂಟರಿನ ದಪ್ಪ ರಿಜಿಸ್ಟರ್ ತೆರೆದು ನೋಡಿ. ಕ್ರಮಸಂಖ್ಯೆ, ಹೆಸರು, ವಿಳಾಸ, ಮೊಬೈಲು, ಬಂದ ಹೊತ್ತು, ಹೋದ ಹೊತ್ತು, ಬಂದ ಕಾರಣ, ಸಹಿ. ಅನೇಕ ಕಡೆ ಇದರ ನಡುವೆ ‘ಸಂಬಂಧ’ ಅನ್ನುವ ಇನ್ನೊಂದು ಕಾಲಂ ಗೀಟು ಹಾಕಿರುತ್ತಾರೆ. ತೊಂದರೆಯ ಬೀಜ ಅದೇ ಕಾಲಂ. ಹತ್ತಿ ವ್ಯಾಪಾರಿಗಳು ಬಂದಾಗ ಖಾಲಿ ಬಿಡುತ್ತೀರಿ, ಜೋಡಿಯಂತೆ ಕಂಡವರು ಬಂದಾಗ ಪೆನ್ನು ಅಲ್ಲಿ ನಿಲ್ಲುತ್ತದೆ. ಮುಂದಿನ ರಿಜಿಸ್ಟರ್ ಮಾಡಿಸುವಾಗ ಆ ಕಾಲಂ ತೆಗೆಸಿ. ಅಲ್ಲಿಯವರೆಗೆ ಯಾರಿಗೂ ತುಂಬಿಸಬೇಡಿ.

ಕೇಳಬೇಕಾದದ್ದು ಇಷ್ಟು: ತಂಗುವ ಪ್ರತಿಯೊಬ್ಬರ ಫೋಟೊ ಇರುವ ಗುರುತಿನ ಚೀಟಿ, 18 ದಾಟಿದೆಯೇ ಅನ್ನುವುದು, ಫೋನ್ ನಂಬರು. ವಯಸ್ಸಿನ ವಿಷಯದಲ್ಲಿ ಸಡಿಲ ಬಿಡಬೇಡಿ, ಯಾವ ಜೋಡಿಗೂ. ಆಧಾರಿನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಟ್ಟರೆ ತೆಗೆದುಕೊಳ್ಳಿ. ‘ಲೋಕಲ್ ಐಡಿ ಇದ್ದರೆ ರೂಮಿಲ್ಲ’ ಅನ್ನುವ ನಿಯಮ ಇಟ್ಟುಕೊಂಡವರು ಅದನ್ನು ಎಲ್ಲರಿಗೂ ಪಾಲಿಸುತ್ತಿದ್ದೀರಾ ಅಂತ ಕಳೆದ ತಿಂಗಳ ರಿಜಿಸ್ಟರ್ ತಿರುವಿ ನೋಡಿ. ನಾಲ್ಕು ಜನಕ್ಕೆ ಬಿಟ್ಟು ಐದನೆಯವರಿಗೆ ಹೇಳಿದ್ದರೆ ಆ ಪುಸ್ತಕವೇ ನಿಮ್ಮ ವಿರುದ್ಧ ಸಾಕ್ಷಿ.

ಡಬಲ್ ಬೆಡ್ ಕೇಳಿದರೆ ಡಬಲ್ ಬೆಡ್ ಕೊಡಿ. ‘ಎರಡು ರೂಮು ತಗೊಳ್ಳಿ’ ಅನ್ನುವುದು, ಬಾಡಿಗೆ ಹೆಚ್ಚಿಸುವುದು, ಹಿಂದಿನ ಓಣಿಯ ಕಿಟಕಿಯಿಲ್ಲದ ರೂಮಿಗೆ ಕಳಿಸುವುದು ಎಲ್ಲವೂ ನಿರಾಕರಣೆಯ ರೂಪಗಳೇ. ಮದುವೆಯಾಗದ ಗಂಡು ಹೆಣ್ಣು ಒಂದೇ ರೂಮಿನಲ್ಲಿ ಇರಬಾರದು ಅನ್ನುವ ಕಾನೂನೇ ಇಲ್ಲ ಅಂತ ಮದ್ರಾಸ್ ಹೈಕೋರ್ಟು 2019ರಲ್ಲಿ ಕೊಯಮತ್ತೂರಿನ ಪ್ರಕರಣವೊಂದರಲ್ಲಿ ಹೇಳಿದೆ. ಮದುವೆ ಪತ್ರ ಕೇಳಲು ಆಧಾರವೇ ಇಲ್ಲ.

ಅತ್ಯಂತ ಸಾಮಾನ್ಯ ತಪ್ಪು ‘ರೂಮು ಫುಲ್’ ಅನ್ನುವ ಸುಳ್ಳು. ಗಿರಾಕಿ ಹೊರಗೆ ನಿಂತು ಬುಕಿಂಗ್ ಆ್ಯಪ್ ತೆರೆಯುತ್ತಾರೆ, ಮೂರು ರೂಮು ಖಾಲಿ ತೋರಿಸುತ್ತದೆ, ಒಂದು ಸ್ಕ್ರೀನ್‌ಶಾಟ್ ಹೊಡೆದರೆ ಮುಗಿಯಿತು. ಮೊದಲೇ ಹಣ ಕಟ್ಟಿ ಬಂದವರನ್ನು ಕೌಂಟರಿನಲ್ಲಿ ತಿರುಗಿಸಿ ಕಳಿಸುವುದು ಇನ್ನೂ ಕೆಟ್ಟದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅದು ಸೇವಾ ನ್ಯೂನತೆ. ಹಣ ವಾಪಸು ಕೊಟ್ಟರೂ ರಾತ್ರಿ ಹನ್ನೊಂದಕ್ಕೆ ಬೀದಿಗೆ ಬಿದ್ದದ್ದಕ್ಕೆ ಪರಿಹಾರ ಕೇಳುವ ಹಕ್ಕು ಅವರಿಗೆ ಉಳಿದಿರುತ್ತದೆ. ‘ಪ್ರವೇಶದ ಹಕ್ಕು ಕಾಯ್ದಿರಿಸಲಾಗಿದೆ’ ಅನ್ನುವ ಬೋರ್ಡು ಕುಡಿದು ಗಲಾಟೆ ಮಾಡುವವರನ್ನು ಹೊರಗೆ ಹಾಕಲು ಸಾಕು, ಸಂವಿಧಾನವನ್ನು ಹೊರಗೆ ಹಾಕಲು ಸಾಲದು.

ಆನೆಗೊಂದಿಯ ಕಡೆ ಮನೆಯ ಒಂದು ಭಾಗವನ್ನೇ ಹೋಮ್‌ಸ್ಟೇ ಮಾಡಿಕೊಂಡ ಕುಟುಂಬಗಳ ಸಂಕೋಚ ಅರ್ಥವಾಗುವಂಥದ್ದು. ಒಳಗೆ ಅಜ್ಜಿ ಇದ್ದಾರೆ, ದೇವರ ಕೋಣೆ ಇದೆ. ಅದಕ್ಕೆ ದಾರಿ ಮನೆಯ ನಿಯಮಗಳು: ದೇವರ ಕೋಣೆಗೆ ಪ್ರವೇಶ ಇಲ್ಲ, ಮಾಂಸ ಮದ್ಯ ಇಲ್ಲ, ಅಂಗಳದಲ್ಲಿ ಮುದ್ದಾಟ ಬೇಡ, ರಾತ್ರಿ ಹತ್ತರ ಮೇಲೆ ಸದ್ದು ಬೇಡ. ಇವನ್ನು ಬುಕಿಂಗ್ ಪುಟದಲ್ಲೇ ಹಾಕಿ, ಹನಿಮೂನಿಗೆ ಬಂದ ಗಂಡ ಹೆಂಡತಿಗೂ ಅದನ್ನೇ ಹೇಳಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಕೊಡುವ ಫಾರಂ (ಹಳೆಯ ಹೆಸರು ಫಾರಂ ಸಿ) ತುಂಬಬೇಕು, ಪಾಸ್‌ಪೋರ್ಟು, ವೀಸಾ ವಿವರ ಸಾಕು. ಅವರವರ ದೇಶದಲ್ಲಿ ಕಾನೂನುಬದ್ಧವಾಗಿ ಮದುವೆಯಾದ ಇಬ್ಬರು ಹೆಂಗಸರು ಬಂದು ‘ಇವಳು ನನ್ನ ಹೆಂಡತಿ’ ಅಂದರೆ ನೀವು ಒಪ್ಪಬೇಕಾದ್ದೂ ಇಲ್ಲ, ವಾದಿಸಬೇಕಾದ್ದೂ ಇಲ್ಲ. ‘ನಮಸ್ಕಾರ, ನಿಮ್ಮ ರೂಮು ಈ ಕಡೆ’ ಅಂದರೆ ಸಾಕು.

ಇನ್ನೊಂದು ಅಪಾಯವನ್ನು ಮಾಲೀಕರು ಹೆಚ್ಚು ಯೋಚಿಸುವುದಿಲ್ಲ. ರೂಂಬಾಯ್ ರಿಜಿಸ್ಟರಿನ ಫೋಟೊ ಹೊಡೆದು ವಾಟ್ಸ್‌ಆ್ಯಪಿಗೆ ಹಾಕುವುದು, ಅಥವಾ ‘ಮನೆಗೆ ಹೇಳುತ್ತೇವೆ’ ಅಂತ ಹೆದರಿಸಿ ಫೋನ್‌ಪೇ ಮಾಡಿಸಿಕೊಳ್ಳುವುದು. ಅದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನ ಸುಲಿಗೆ. ಇದರಿಂದ ಒಬ್ಬ ಹುಡುಗನ ಜೀವವೇ ಹೋಗಬಹುದು. ರಿಜಿಸ್ಟರನ್ನು ಬೀಗ ಇರುವ ಡ್ರಾಯರಿನಲ್ಲಿಡಿ. ಪೊಲೀಸರು ಕೇಳಿದರೆ ತೋರಿಸಿ, ಬಂದವರ ಹೆಸರು, ಠಾಣೆ, ಹೊತ್ತು ಬರೆದುಕೊಳ್ಳಿ. ಬೇರೆ ಯಾರು ಕೇಳಿದರೂ ಇಲ್ಲ.

ಬ್ಯಾನರು, ಕೇಕು, ಕ್ಯಾಮೆರಾ

ಮುದ್ರಣದ ಅಂಗಡಿಯವರಿಗೆ ಬರಹ ನೋಡಿ ಕೆಲಸ ಹಿಡಿಯುವ ಅಭ್ಯಾಸ ಮೊದಲೇ ಇದೆ. ಚುನಾವಣೆಯ ಕರಪತ್ರಕ್ಕೆ ಮುದ್ರಕ, ಪ್ರಕಾಶಕರ ಹೆಸರು ವಿಳಾಸ ಹಾಕಲೇಬೇಕು ಅಂತ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಕಲಮು ಹೇಳುವುದರಿಂದ ಅವರು ಫೈಲು ತೆರೆದು ಓದುತ್ತಾರೆ. ಅದೇ ಕಣ್ಣನ್ನು ಇಲ್ಲೂ ಬಳಸಿ. ಇಬ್ಬರು ಹುಡುಗರು ಆರು ಅಡಿ ನಾಲ್ಕು ಅಡಿಯ ಬ್ಯಾನರಿಗೆ ಬಂದಿದ್ದಾರೆ, ‘ಹುಟ್ಟುಹಬ್ಬದ ಶುಭಾಶಯ’ ಅಂತಿದೆ, ಇಬ್ಬರ ಫೋಟೊ ಇದೆ. ಮಾಡಿಕೊಡಿ, ಅದರಲ್ಲಿ ಏನೂ ಇಲ್ಲ. ‘ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಿ’ ಅಂತಿದೆ, ನಿಮ್ಮ ಮನಸ್ಸು ಒಪ್ಪುವುದಿಲ್ಲ. ಆಗ ಇಲ್ಲ ಅನ್ನಬಹುದು, ಆದರೆ ಎರಡು ಷರತ್ತು. ಅದೇ ವಿಷಯದ ವಿರುದ್ಧದ ಘೋಷಣೆಯನ್ನೂ ನೀವು ಮುದ್ರಿಸಬಾರದು, ಮತ್ತು ಈ ನಿಯಮ ಆ ಹುಡುಗರು ಬರುವ ಮೊದಲೇ ಗೋಡೆಯ ಮೇಲಿರಬೇಕು. ‘ಮದುವೆ, ಮತ, ಧರ್ಮಗಳ ಪರ ಅಥವಾ ವಿರೋಧದ ಘೋಷಣೆಗಳನ್ನು ಇಲ್ಲಿ ಮುದ್ರಿಸುವುದಿಲ್ಲ. ಬೇರೆ ಎಲ್ಲ ಕೆಲಸ ಎಲ್ಲರಿಗೂ ಮಾಡಿಕೊಡುತ್ತೇವೆ.’ ಎರಡನೇ ವಾಕ್ಯ ಬಿಡಬೇಡಿ, ಅದೇ ನಿಮ್ಮನ್ನು ಕಾಯುವುದು.

ಹೇಳುವ ಧಾಟಿಯೂ ಮುಖ್ಯ. ‘ಈ ಬರಹ ನಾವು ಯಾರಿಗೂ ಹಾಕಲ್ಲ ಸರ್, ಬರಹ ಇಲ್ಲದ ಕೇಕು ಈಗಲೇ ಮಾಡಿಕೊಡ್ತೀವಿ’ ಅಂದರೆ ಗಿರಾಕಿ ಬೇಸರದಿಂದಲಾದರೂ ಮರ್ಯಾದೆಯಿಂದ ಹೋಗುತ್ತಾರೆ. ‘ನಿಮ್ಮಂಥವರಿಗೆ’ ಅನ್ನುವ ಒಂದು ಪದ ಬಾಯಿಂದ ಬಿದ್ದರೆ, ಅಲ್ಲಿಯವರೆಗೆ ಬರಹದ ಮೇಲಿದ್ದ ತಕರಾರು ಮನುಷ್ಯನ ಮೇಲಿನ ತಾರತಮ್ಯವಾಗಿಬಿಡುತ್ತದೆ. ಫೋಟೊಗ್ರಾಫರುಗಳು ಸ್ಟುಡಿಯೊದ ಜೋಡಿ ಫೋಟೊ, ಹುಟ್ಟುಹಬ್ಬ, ಗೃಹಪ್ರವೇಶಗಳಿಗೆ ಇಲ್ಲ ಅನ್ನಬೇಡಿ. ಒಂದು ವಿಧಿಯಲ್ಲಿ ನೀವೇ ನಿಂತು ಚಿತ್ರ ತೆಗೆಯಲು ಮನಸ್ಸು ಒಪ್ಪದಿದ್ದರೆ ಅದೇ ದರಕ್ಕೆ ಜೊತೆಗಾರನನ್ನು ಕಳಿಸಿ.

ಕಲ್ಯಾಣ ಮಂಟಪದವರ ವಾದ ಬೇರೆ: ‘ಈ ಮದುವೆಗೆ ಕಾನೂನಿನ ಮಾನ್ಯತೆ ಇಲ್ಲ.’ ಇಲ್ಲ ಅನ್ನುವುದು ನಿಜ, 2023ರ ಅಕ್ಟೋಬರ್ 17ರ ಸುಪ್ರಿಯೊ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮಾನ್ಯತೆ ಕೊಡಲಿಲ್ಲ. ಆದರೆ ನೀವು ಮಂಟಪ ಕೊಡುವುದು ನಾಮಕರಣಕ್ಕೆ, ನಿವೃತ್ತಿ ಸಮಾರಂಭಕ್ಕೆ, ಕಂಪನಿಯ ಊಟಕ್ಕೂ. ಅವಕ್ಕೂ ನೋಂದಣಿ ಇಲ್ಲ. ಇಬ್ಬರು ಬಂಧುಬಳಗ ಕರೆದು ಊಟ ಹಾಕಿಸುವುದು ಅಪರಾಧವಲ್ಲ. ಗುಡಿಯೊಳಗಿನ ವಿಧಿ, ಮಸೀದಿಯ ನಿಕಾಹ್, ಚರ್ಚಿನ ವಿವಾಹ ಬೇರೆ ಮಾತು. ಅವು ಧಾರ್ಮಿಕ ಪಂಗಡಗಳ ಒಳಗಿನ ವಿಷಯ, 26ನೇ ವಿಧಿ ಅವುಗಳನ್ನು ಕಾಯುತ್ತದೆ. ಪುರೋಹಿತರನ್ನು ಮಂತ್ರ ಹೇಳಿ ಅಂತ ಯಾರೂ ಬಲವಂತ ಮಾಡುವಂತಿಲ್ಲ. ಮಠ ಅಥವಾ ಟ್ರಸ್ಟಿನ ಮಂಟಪವನ್ನು ಎಲ್ಲ ಜಾತಿ ಮತದವರಿಗೂ ದರಪಟ್ಟಿ ಹಾಕಿ ಬಾಡಿಗೆಗೆ ಕೊಡುತ್ತಿದ್ದರೆ ಮಾತ್ರ ‘ಇದು ಧಾರ್ಮಿಕ ಜಾಗ’ ಅನ್ನುವ ವಾದ ತೆಳ್ಳಗಾಗುತ್ತದೆ. ಅಂಥವರು ನಿಯಮ ಬರೆಯುವ ಮೊದಲು ವಕೀಲರನ್ನು ಕೇಳಿ.

ನಂಬಿಕೆಯ ಮಾತು ಬಂದದ್ದಕ್ಕೆ ಒಂದು ಮಾತು. ಹುಲಿಗಿಯಲ್ಲಿ ಹುಲಿಗೆಮ್ಮನ ಜಾತ್ರೆಗೆ ಜೋಗಪ್ಪ, ಜೋಗತಿಯರು ತಲೆಯ ಮೇಲೆ ಅಮ್ಮನನ್ನು ಹೊತ್ತು ಬರುತ್ತಾರೆ. ಅಂಗಡಿಯವರು ಎದ್ದು ಕೈಮುಗಿದು ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಈ ಸೀಮೆಯ ಲಿಂಗತ್ವ ಅಲ್ಪಸಂಖ್ಯಾತ ಜನಪದ ಕಲಾವಿದೆ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಜೋಗಪ್ಪ ಬೇರೆ, ಸಲಿಂಗಿ ಬೇರೆ, ಎರಡನ್ನೂ ಒಂದೇ ಅನ್ನಬಾರದು. ಆದರೆ ಹಗಲು ಆಶೀರ್ವಾದ ಪಡೆದ ಕೈಯೇ ರಾತ್ರಿ ಅವರಿಗೆ ರೂಮಿನ ಕೀಲಿ ಕೊಡದಿದ್ದರೆ ಅದು ಧರ್ಮದ ಮಾತಲ್ಲ, ಹೊಸ ಅಸ್ಪೃಶ್ಯತೆ. ನಮ್ಮ ಕಡೆಯ ಭಕ್ತಿಗೆ ಇಂಥವರನ್ನು ಹತ್ತಿರ ಕೂರಿಸಿಕೊಂಡು ಅಭ್ಯಾಸವಿದೆ.

ಕೆಲಸಗಾರರು

ಮಾಲೀಕರು ಒಪ್ಪಿದರೂ ಕೌಂಟರಿನ ಹುಡುಗ ಒಪ್ಪದಿರಬಹುದು. ಒಬ್ಬ ಡಿಸೈನರ್ ‘ಈ ಬರಹ ನಾನು ಮಾಡಲ್ಲ’ ಅಂದರೆ ಫೈಲನ್ನು ಪಕ್ಕದ ಕಂಪ್ಯೂಟರಿಗೆ ಕಳಿಸಿ, ಅವನ ಮನಸ್ಸಿಗೂ ಬೆಲೆ ಇದೆ. ಆದರೆ ಆ ಬದಲಾವಣೆ ಗಿರಾಕಿಗೆ ಗೊತ್ತಾಗಬಾರದು, ಅವರು ಹೆಚ್ಚು ಕಾಯಬಾರದು. ಕೀಲಿ ಕೊಡುವುದು, ಬಿಲ್ಲು ಹಾಕುವುದು, ಊಟ ಬಡಿಸುವುದು ಮೂರನೇ ಗುಡ್ಡೆಯ ಕೆಲಸವಲ್ಲ, ಅಲ್ಲಿ ವಿನಾಯಿತಿ ಬೇಡ. ಅರ್ಧ ಗಂಟೆ ಕೂರಿಸಿ ‘ಏನು ಕೇಳಬೇಕು, ಏನು ಕೇಳಬಾರದು’ ಅಂತ ಮಾತಾಡಿಸಿ ನೋಡಿ, ಬರೀ ಹೇಳಿದರೆ ನಿಲ್ಲುವುದಿಲ್ಲ. ಟ್ರಾನ್ಸ್‌ಜೆಂಡರ್ ಕಾಯ್ದೆಯ 11ನೇ ಕಲಮಿನಂತೆ ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ಗುರುತಿಸಬೇಕು. ಅವರ ಹೆಸರು, ಫೋನನ್ನು ಕೌಂಟರಿನಲ್ಲಿ ಹಾಕಿ, ಸಲಿಂಗಿ ಗಿರಾಕಿಗಳ ದೂರನ್ನೂ ಅವರೇ ನೋಡಲಿ. ಮೆಡಿಕಲ್ ಶಾಪು, ಕ್ಲಿನಿಕ್ಕುಗಳಲ್ಲಿ ಈ ಚರ್ಚೆಗೇ ಜಾಗವಿಲ್ಲ. ಮಾನಸಿಕ ಆರೋಗ್ಯ ಸೇವೆಯಲ್ಲಿ ಲೈಂಗಿಕ ಒಲವಿನ ತಾರತಮ್ಯವನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೆಸರು ಹಿಡಿದೇ ನಿಷೇಧಿಸಿದೆ.

ನಿರಾಕರಿಸಿದರೆ ಗಿರಾಕಿ ಏನು ಮಾಡಬೇಕು

ಅಲ್ಲಿ ಜಗಳಕ್ಕೆ ಇಳಿಯಬೇಡಿ, ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಅದೇ ರಾತ್ರಿ ದಿನಾಂಕ, ಹೊತ್ತು, ಆಡಿದ ಮಾತು ಬರೆದಿಡಿ. ಬುಕಿಂಗ್ ಮೆಸೇಜು, ಯುಪಿಐ ನಂಬರು, ರೂಮು ಖಾಲಿ ತೋರಿಸುವ ಸ್ಕ್ರೀನ್‌ಶಾಟ್, ನಂತರ ತಂಗಿದ ಜಾಗದ ಬಿಲ್ಲು, ಆಟೊ ಖರ್ಚು ಎಲ್ಲ ಒಂದು ಕಡೆ ಇಡಿ. ಮರುದಿನ ಮಾಲೀಕರಿಗೆ ವಾಟ್ಸ್‌ಆ್ಯಪಿನಲ್ಲಿ ‘ರೂಮು ಯಾಕೆ ಕೊಡಲಿಲ್ಲ?’ ಅಂತ ಒಂದೇ ಸಾಲು ಕೇಳಿ. ಬಂದ ಉತ್ತರವಾಗಲಿ, ಬಾರದ ಉತ್ತರವಾಗಲಿ, ಎರಡೂ ಉಪಯೋಗಕ್ಕೆ ಬರುತ್ತವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅನೇಕ ತಕರಾರು ಅಲ್ಲಿಯೇ ಹಣ ವಾಪಸಿನೊಂದಿಗೆ ಮುಗಿಯುತ್ತವೆ.

ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಘಟನೆಯಾದ ಎರಡು ವರ್ಷದೊಳಗೆ ಹಾಕಬೇಕು, ಸೇವೆಗೆ ಕೊಟ್ಟ ಮೊತ್ತ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ನೀವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು. ಸಣಾಪುರದಲ್ಲಿ ಆದದ್ದಕ್ಕೆ ಬೆಂಗಳೂರಿನವರು ಕೊಪ್ಪಳಕ್ಕೆ ಓಡಾಡಬೇಕಿಲ್ಲ. ಹಣ ಕೊಟ್ಟಿರಬೇಕು ಅಥವಾ ಕೊಡಲು ಒಪ್ಪಿರಬೇಕು ಅನ್ನುವುದನ್ನು ಮರೆಯಬೇಡಿ. ಅದಕ್ಕೇ ಸುಮ್ಮನೆ ಹೋಗಿ ಕೇಳುವುದಕ್ಕಿಂತ ಮುಂಗಡ ಬುಕ್ ಮಾಡಿದ್ದರೆ ಕೇಸು ಗಟ್ಟಿ. ವಕೀಲರಿಗೆ ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಸಂವಿಧಾನದ ಪ್ರಶ್ನೆಯಾಗಿಯೇ ಎತ್ತುವುದಾದರೆ ಬಳ್ಳಾರಿ, ಕೊಪ್ಪಳದವರಿಗೆ ಹೈಕೋರ್ಟಿನ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ.

ಮನೆಯಲ್ಲಿ ಗೊತ್ತಿಲ್ಲದವರು ಇದನ್ನೆಲ್ಲ ಓದಿ ಹಿಂಜರಿಯುತ್ತಾರೆ. ಗ್ರಾಹಕ ದೂರಿನಲ್ಲಿ ನೀವು ಸಲಿಂಗಿ ಅಂತ ಬರೆಯುವ ಅಗತ್ಯವೇ ಇಲ್ಲ. ‘ಇಂಥ ದಿನ ಇಷ್ಟು ಹಣ ಕೊಟ್ಟು ರೂಮು ಕಾಯ್ದಿರಿಸಿದ್ದೆ, ರೂಮು ಖಾಲಿ ಇದ್ದರೂ ಕೊಡಲಿಲ್ಲ’ ಅನ್ನುವ ಎರಡು ಸಾಲು, ಜೊತೆಗೆ ರಸೀದಿ ಸಾಕು. ಯಾಕೆ ಕೊಡಲಿಲ್ಲ ಅನ್ನುವುದನ್ನು ವಿವರಿಸುವ ಭಾರ ಆಮೇಲೆ ಲಾಡ್ಜಿನವರದು.